ರಾತ್ರಿ ಹತ್ತೂವರೆಯ ನಂತರದ ಫೋನು: ಅಶ್ಲೀಲ ವಿಡಿಯೋ ಚಟದಿಂದ ಹೊರಬರುವ ಬಗ್ಗೆ ತಿಳಿದವರ ಉತ್ತರಗಳು

ಪ್ರಶ್ನೆ, ಕಾಸರಗೋಡಿನ ಬದಿಯಡ್ಕ ಕಡೆಯಿಂದ:

ವಯಸ್ಸು 31, ಮದುವೆಯಾಗಿ ಎರಡು ವರ್ಷ. ರಾತ್ರಿ ಹೆಂಡತಿ ಮಲಗಿದ ಮೇಲೆ ಫೋನಿನಲ್ಲಿ ಅಶ್ಲೀಲ ವಿಡಿಯೋ ನೋಡುತ್ತೇನೆ. ಎರಡು ಮೂರು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ನಾಲ್ಕು ಸಲ ದೇವರ ಮುಂದೆ ಆಣೆ ಹಾಕಿದೆ, ಆಪ್ ಎಲ್ಲ ಅಳಿಸಿದೆ. ಹದಿನೈದು ದಿನದ ಮೇಲೆ ನಿಂತದ್ದಿಲ್ಲ. ಈಗ ಹೆಂಡತಿಯ ಹತ್ತಿರ ಸರಿಯಾಗಿ ಆಗುವುದೂ ಇಲ್ಲ. ಇದು ರೋಗವಾ? ಎಲ್ಲಿಂದ ಶುರು ಮಾಡುವುದು? ಇಲ್ಲಿಯ ಆಸ್ಪತ್ರೆಗೆ ಹೋದರೆ ಗುರ್ತದವರು ಸಿಗುತ್ತಾರೆ, ಮಲಯಾಳದಲ್ಲಿ ಇದನ್ನೆಲ್ಲ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಹೆಂಡತಿಗೆ ಹೇಳಬೇಕಾ? ತಿಳಿದವರು ದಯವಿಟ್ಟು ಹೇಳಿ.

ಉಪ್ಪಳದಿಂದ, ಆಪ್ತಸಮಾಲೋಚಕಿ:

ಕೇಳಿದ್ದು ಒಳ್ಳೆಯದಾಯ್ತು. ಮೊದಲು ರೋಗವಾ ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, 2022ರ ಜನವರಿ 1ರಿಂದ ಜಾರಿಯಲ್ಲಿ ಉಂಟು. ಅದರಲ್ಲಿ 6ಸಿ72 ಎಂಬ ಸಂಖ್ಯೆಯಡಿ ‘ಕಂಪಲ್ಸಿವ್ ಸೆಕ್ಷುವಲ್ ಬಿಹೇವಿಯರ್ ಡಿಸಾರ್ಡರ್’, ಅಂದರೆ ಹತೋಟಿ ತಪ್ಪಿದ ಲೈಂಗಿಕ ವರ್ತನೆಯ ರೋಗ, ಇದೆ. ಅದನ್ನು ಇಟ್ಟದ್ದು ಕುಡಿತ, ಜೂಜಿನ ಸಾಲಿನಲ್ಲಿ ಅಲ್ಲ, ಸೆಳೆತ ಹತೋಟಿಗೆ ಸಿಗದ ರೋಗಗಳ ಸಾಲಿನಲ್ಲಿ. ಅಮೆರಿಕದ ಡಿಎಸ್‌ಎಂ-5 ಎಂಬ ಪಟ್ಟಿಯಲ್ಲಿ ಇದು ಇಲ್ಲ. ಹಾಗಾಗಿ ‘ಚಟ’ ಎನ್ನಬೇಕೋ ಬೇಡವೋ ಎಂದು ವೈದ್ಯರಲ್ಲೇ ಚರ್ಚೆ ನಡೆಯುತ್ತಿದೆ. ನಿಮ್ಮ ಚಿಕಿತ್ಸೆ ಅದಕ್ಕೆ ಕಾಯಬೇಕಾಗಿಲ್ಲ.

ವೈದ್ಯರು ನೋಡುವುದು ಇಷ್ಟು: ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದೆಯೇ, ನಿಲ್ಲಿಸಲು ಹೋಗಿ ಪುನಃ ಪುನಃ ಸೋತಿದ್ದೀರಾ, ಕೆಲಸ, ನಿದ್ದೆ, ಸಂಬಂಧ ಕೆಡುತ್ತಿದೆಯೇ, ಸುಖ ಸಿಗದಿದ್ದರೂ ಮುಂದುವರಿಯುತ್ತಿದೆಯೇ. ಇನ್ನೊಂದು ಮಾತನ್ನೂ ಅಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ‘ಇದು ಪಾಪ’ ಎಂಬ ಸಂಕಟ ಮಾತ್ರ ಇದ್ದು, ಬೇರೆ ಏನೂ ಕೆಡದಿದ್ದರೆ ಅದು ಈ ರೋಗ ಅಲ್ಲ. ವಾರಕ್ಕೊಮ್ಮೆ ಹಸ್ತಮೈಥುನ ಮಾಡಿಕೊಂಡು ‘ನಾನು ಹಾಳಾದೆ’ ಎಂದು ಅಳುತ್ತಾ ಬರುವ ಹುಡುಗರು ಎಷ್ಟೋ ಜನ ಇದ್ದಾರೆ. ಅವರಿಗೆ ಬೇಕಾದ್ದು ಸರಿಯಾದ ತಿಳುವಳಿಕೆ, ಚಿಕಿತ್ಸೆ ಅಲ್ಲ. ನಿಮ್ಮದು ಹಾಗೆ ಕಾಣುವುದಿಲ್ಲ. ಎರಡು ಮೂರು ಗಂಟೆ, ನಾಲ್ಕು ಸಲ ಸೋತದ್ದು, ಹೆಂಡತಿಯ ಜೊತೆ ತೊಂದರೆ. ಇದನ್ನು ತೋರಿಸಲೇಬೇಕು.

ಆಣೆಯ ಬಗ್ಗೆ. ಭಕ್ತಿಯನ್ನು ಹಗುರ ಮಾಡುತ್ತಿಲ್ಲ. ಆದರೆ ಆಣೆ ಹಾಕುವುದು ಬೆಳಿಗ್ಗೆ, ಮನಸ್ಸು ತಣ್ಣಗಿರುವಾಗ. ಅದು ಮುರಿಯುವುದು ರಾತ್ರಿ, ಮೈ ದಣಿದು ಮನಸ್ಸು ಖಾಲಿಯಾಗಿರುವಾಗ. ಮುರಿದ ಮೇಲೆ ‘ದೇವರ ಆಣೆಯೇ ಹೋಯ್ತು, ಇನ್ನೆಂತ ಉಳಿಯಿತು’ ಎಂದು ಆ ರಾತ್ರಿ ದುಪ್ಪಟ್ಟು ನೋಡುತ್ತಾರೆ. ಒಮ್ಮೆ ಜಾರಿದ್ದನ್ನು ವಾರಗಟ್ಟಲೆ ಎಳೆಯುವುದು ಈ ನಾಚಿಕೆಯೇ. ಇನ್ನೊಂದು ಆಣೆ ಬೇಡ.

ಬದಲಿಗೆ ಒಂದು ಸಣ್ಣ ನೋಟ್‌ಬುಕ್, ಹದಿನಾಲ್ಕು ದಿನ. ಸೆಳೆತ ಬಂದ ಗಂಟೆ, ಎಲ್ಲಿದ್ದಿರಿ, ಅದಕ್ಕೆ ಅರ್ಧ ಗಂಟೆ ಮೊದಲು ಏನಾಗಿತ್ತು, ಮನಸ್ಸು ಹೇಗಿತ್ತು, ಸೆಳೆತದ ಜೋರು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಆಮೇಲೆ ಏನು ಮಾಡಿದಿರಿ. ಒಂದೊಂದು ಸಲಕ್ಕೆ ಒಂದು ಸಾಲು ಸಾಕು. ನೋಡಿದ್ದರ ವಿವರ ಬರೆಯಬೇಡಿ, ಅದೇ ಇನ್ನೊಂದು ಸೆಳೆತ ಆಗುತ್ತದೆ. ಹೆಚ್ಚಿನವರು ತಪ್ಪುವುದು ಎಲ್ಲಿ ಅಂದರೆ, ಸೋತ ದಿನ ಮಾತ್ರ ಬರೆಯುತ್ತಾರೆ. ಸೆಳೆತ ಬಂದು ಹಾಗೆಯೇ ಹೋದ ಸಲಗಳೇ ಮುಖ್ಯ, ಏಕೆಂದರೆ ನಿಮ್ಮಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವುದು ಯಾವುದು ಎಂಬುದು ಅಲ್ಲಿ ಸಿಗುತ್ತದೆ.

ಎರಡು ವಾರ ಆದಾಗ ಕಾಮಕ್ಕೆ ಸಂಬಂಧವೇ ಇಲ್ಲದ ಸಂಗತಿಗಳು ಎದ್ದು ಕಾಣುತ್ತವೆ. ಹಸಿವು, ಸಿಟ್ಟು, ಒಂಟಿತನ, ಆಯಾಸ, ಈ ನಾಲ್ಕರಲ್ಲಿ ಒಂದು ಹೆಚ್ಚು ಕಡಿಮೆ ಪ್ರತಿ ಸಾಲಿನಲ್ಲೂ ಇರುತ್ತದೆ. ನಮ್ಮ ಕಡೆಯ ತೋಟದ ಮನೆಗಳಲ್ಲಿ ಜೋರು ಮಳೆಯ ಆಟಿ ತಿಂಗಳು ಹೊರಗೆ ಕೆಲಸ ಇಲ್ಲದ ಮಧ್ಯಾಹ್ನ ಕಷ್ಟ. ಗಲ್ಫಿನಲ್ಲಿ ಇರುವವರಿಗೆ ಶುಕ್ರವಾರದ ರಜೆ ಕಷ್ಟ. ಲೆಕ್ಕದ ಕೆಲಸದವರಿಗೆ ಮಾರ್ಚ್ ತಿಂಗಳು. ನಿಮ್ಮ ಗಂಟೆ ಯಾವುದು ಎಂದು ಗೊತ್ತಾದರೆ, ಬಂದೋಬಸ್ತು ಮಾಡಬೇಕಾದ್ದು ಆ ಗಂಟೆಯನ್ನಲ್ಲ, ಅದರ ಹಿಂದಿನ ಎರಡು ಗಂಟೆಯನ್ನು.

ಕುಂಬಳೆಯಿಂದ, ನೆಟ್‌ವರ್ಕ್ ಕೆಲಸದವರು:

ಆಪ್ ಅಳಿಸುವುದರಿಂದ ಪ್ರಯೋಜನ ಇಲ್ಲ, ಎರಡು ನಿಮಿಷದಲ್ಲಿ ವಾಪಸ್ ಬರುತ್ತದೆ. ದಾರಿಯನ್ನೇ ಉದ್ದ ಮಾಡಿ. ಯಾವ ತಾಣ ತೆರೆಯುವುದಾದರೂ ಫೋನು ಅದರ ವಿಳಾಸವನ್ನು ಮೊದಲು ಡಿಎನ್‌ಎಸ್ ಎಂಬ ಸೇವೆಯ ಹತ್ತಿರ ಕೇಳುತ್ತದೆ. ಅಶ್ಲೀಲ ತಾಣಗಳ ವಿಳಾಸ ಕೊಡದ ಡಿಎನ್‌ಎಸ್ ಹಾಕಿದರೆ ಅವು ತೆರೆಯುವುದಿಲ್ಲ.

ಆಂಡ್ರಾಯ್ಡ್ 9 ಅಥವಾ ಅದರ ನಂತರದ ಫೋನಾದರೆ ಸೆಟ್ಟಿಂಗ್ಸಿನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂದು ಹುಡುಕಿ. ಕೆಲವು ಕಂಪನಿಯ ಫೋನಿನಲ್ಲಿ ಅದು ನೆಟ್‌ವರ್ಕ್ ಅಡಿಯಲ್ಲಿ, ಕೆಲವದರಲ್ಲಿ ಕನೆಕ್ಷನ್ಸ್ ಅಡಿಯಲ್ಲಿ ಇರುತ್ತದೆ. ಅಲ್ಲಿ ಹೋಸ್ಟ್‌ನೇಮ್ ಜಾಗಕ್ಕೆ ಹಾಕಬೇಕಾದ್ದು: ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್‌ಎಸ್ ಡಾಟ್ ಕಾಮ್. ಎಲ್ಲ ಇಂಗ್ಲಿಷ್ ಸಣ್ಣ ಅಕ್ಷರ, ನಡುವೆ ಜಾಗ ಬಿಡಬಾರದು. ಇದು ಮೊಬೈಲ್ ಡಾಟಾಕ್ಕೂ ವೈಫೈಗೂ ಒಟ್ಟಿಗೆ ಅನ್ವಯ ಆಗುತ್ತದೆ. ಮನೆಯ ರೌಟರಿನಲ್ಲಿ ಹಾಕುವುದಾದರೆ ಡಿಎನ್‌ಎಸ್ ಜಾಗಕ್ಕೆ 1.1.1.3 ಮತ್ತು 1.0.0.3. ಕೊನೆಯ ಅಂಕೆ ಸರಿಯಾಗಿ ನೋಡಿ: 1.1.1.1ರಲ್ಲಿ ಯಾವ ತಡೆಯೂ ಇಲ್ಲ, 1.1.1.2 ವೈರಸ್ ತಾಣಗಳನ್ನು ಮಾತ್ರ ತಡೆಯುತ್ತದೆ.

ಎಲ್ಲೆಲ್ಲಿ ಸೋರುತ್ತದೆ ಎಂದೂ ಹೇಳಬೇಕು. ಇಂಟರ್ನೆಟ್ಟನ್ನು ಬೇರೆ ದಾರಿಯಿಂದ ಒಯ್ಯುವ ವಿಪಿಎನ್ ಆಪ್ ಹಾಕಿದರೆ ಇದೆಲ್ಲ ವ್ಯರ್ಥ. ರೌಟರಿನಲ್ಲಿ ಮಾತ್ರ ಹಾಕಿದ್ದರೆ ಕ್ರೋಮ್ ಬ್ರೌಸರಿನ ಒಳಗಿನ ‘ಸೆಕ್ಯೂರ್ ಡಿಎನ್‌ಎಸ್’ ಬೇರೆ ದಾರಿ ಹಿಡಿಯಬಹುದು, ಅದನ್ನೂ ನೋಡಿಕೊಳ್ಳಿ. ರೈಲ್ವೆ ಸ್ಟೇಷನಿನ ವೈಫೈ ಈ ಸೆಟ್ಟಿಂಗ್ ಇದ್ದರೆ ಕೆಲವೊಮ್ಮೆ ತೆರೆಯುವುದಿಲ್ಲ. ಆಗ ಆಫ್ ಮಾಡಿದವರು ಪುನಃ ಆನ್ ಮಾಡಲು ಮರೆಯುತ್ತಾರೆ. ಎಲ್ಲಕ್ಕಿಂತ ದೊಡ್ಡ ತೂತು ಟೆಲಿಗ್ರಾಮ್ ಚಾನೆಲ್ ಮತ್ತು ರೀಲ್ಸ್. ಅವಕ್ಕೆ ಡಿಎನ್‌ಎಸ್ ತಡೆ ತಾಗುವುದೇ ಇಲ್ಲ. ಚಾನೆಲ್ ಮ್ಯೂಟ್ ಮಾಡಿದರೆ ಸಾಲದು, ಬಿಟ್ಟು ಹೊರಬರಬೇಕು. ಫೋನಿನ ಗ್ಯಾಲರಿ, ಮೆಮೊರಿ ಕಾರ್ಡ್, ಹಳೆಯ ಪೆನ್‌ಡ್ರೈವ್ ಕೂಡ ಖಾಲಿ ಆಗಬೇಕು.

ಐಫೋನ್ ಆದರೆ ಸ್ಕ್ರೀನ್ ಟೈಮ್ ಒಳಗೆ ‘ಲಿಮಿಟ್ ಅಡಲ್ಟ್ ವೆಬ್‌ಸೈಟ್ಸ್’ ಆನ್ ಮಾಡಿ. ಸಫಾರಿಯ ಪ್ರೈವೇಟ್ ಬ್ರೌಸಿಂಗ್ ಕೂಡ ಅದರೊಂದಿಗೆ ಬಂದ್ ಆಗುತ್ತದೆ. ಪಾಸ್‌ಕೋಡ್ ನೀವೇ ಇಟ್ಟುಕೊಂಡರೆ ಹಾಕಿಯೂ ಪ್ರಯೋಜನ ಇಲ್ಲ. ಮನೆಯವರ ಹತ್ತಿರ ಹಾಕಿಸಿ.

ಕೊನೆಗೆ, ಸುಲಭದ್ದು: ಒಂದು ಟೈಮ್‌ಪೀಸ್ ತನ್ನಿ. ‘ಬೆಳಿಗ್ಗೆ ಅಲಾರಂಗೆ ಬೇಕು’ ಎಂದೇ ಎಲ್ಲರೂ ಫೋನನ್ನು ಮಲಗುವ ಕೋಣೆಗೆ ಒಯ್ಯುವುದು. ಟೈಮ್‌ಪೀಸ್ ಬಂದರೆ ಫೋನಿನ ಚಾರ್ಜರ್ ಚಾವಡಿಯಲ್ಲೇ ಉಳಿಯಬಹುದು.

ಉಪ್ಪಳದ ಆಪ್ತಸಮಾಲೋಚಕಿ, ಪುನಃ:

ಕುಂಬಳೆಯ ಅಣ್ಣ ಹೇಳಿದ್ದೆಲ್ಲ ಸರಿ, ಒಂದು ಬಿಟ್ಟು. ಪಾಸ್‌ಕೋಡ್ ಹೆಂಡತಿಯ ಕೈಯಲ್ಲಿ ಬೇಡ. ಗಂಡನ ಕಾವಲುಗಾರಳಾಗಿ ನಿಂತವಳಿಗೆ ಹೆಂಡತಿಯಾಗಿ ಇರಲು ಕಷ್ಟ. ಪ್ರತಿ ರಾತ್ರಿ ಫೋನ್ ಪರೀಕ್ಷೆ, ಪ್ರತಿ ಬೆಳಿಗ್ಗೆ ಸಂಶಯ. ಗಂಡನೋ, ಇನ್ನೂ ಜಾಣತನದಿಂದ ಅಡಗಿಸಲು ಕಲಿಯುತ್ತಾನೆ. ಭಾವನೋ, ಹಳೆಯ ಸ್ನೇಹಿತನೋ, ಸಮಾಲೋಚಕರೋ ಇಟ್ಟುಕೊಳ್ಳಲಿ. ಅವರೊಟ್ಟಿಗೆ ವಾರಕ್ಕೆ ಒಂದು ದಿನ ಹತ್ತು ನಿಮಿಷ ಮಾತಾಡುವುದು ಎಂದು ಮೊದಲೇ ಗೊತ್ತುಮಾಡಿ.

ಮತ್ತೆ, ಈ ತಡೆಗಳಿಂದ ಸಿಗುವುದು ಐದು ಹತ್ತು ನಿಮಿಷದ ಅವಕಾಶ ಮಾತ್ರ. ಆ ಅವಕಾಶದಲ್ಲಿ ಮಾಡಬೇಕಾದ್ದು ಗೊತ್ತಿಲ್ಲದಿದ್ದರೆ ಮನಸ್ಸು ತೂತು ಹುಡುಕಿಯೇ ಹುಡುಕುತ್ತದೆ.

ಮುಳ್ಳೇರಿಯದಿಂದ, ಮನೋರೋಗ ವಿಭಾಗದ ನರ್ಸ್:

ಅಕ್ಕ ಹೇಳಿದ ಆ ಹತ್ತು ನಿಮಿಷದ ಬಗ್ಗೆಯೇ ಬರೆಯುತ್ತೇನೆ. ಸೆಳೆತ ಏರಿ, ತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ. ಅದಕ್ಕೆ ಏನೂ ಕೊಡದಿದ್ದರೆ ಹೆಚ್ಚಾಗಿ 20ರಿಂದ 30 ನಿಮಿಷ. ಕೊನೆಯವರೆಗೆ ಕಾದು ನೋಡಿಯೇ ಇಲ್ಲದವರಿಗೆ ಅದು ಏರುತ್ತಲೇ ಹೋಗುತ್ತದೆ ಎಂದು ತೋರುತ್ತದೆ. ಮಾಡುವುದು ಹೀಗೆ: ಕೂತಲ್ಲಿಂದ ಏಳಿ, ಕೋಣೆ ಬಿಡಿ. ಎರಡೂ ಕಾಲು ನೆಲಕ್ಕೆ ಊರಿ ನಿಂತು, ಸೆಳೆತ ಮೈಯಲ್ಲಿ ಎಲ್ಲಿದೆ ಎಂದು ನೋಡಿ, ಎದೆಯಲ್ಲೋ ಹೊಟ್ಟೆಯಲ್ಲೋ ಕೈಯ ಚಡಪಡಿಕೆಯಲ್ಲೋ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ನಿಮಿಷ. ಅದರೊಂದಿಗೆ ವಾದಕ್ಕೆ ಇಳಿಯಬೇಡಿ. ‘ಯೋಚಿಸಬಾರದು, ಯೋಚಿಸಬಾರದು’ ಎಂದು ಅದುಮಿದಷ್ಟೂ ಅದೇ ಚಿತ್ರ ಎದ್ದು ಬರುತ್ತದೆ. ‘ಬಂದಿದೆ, ಇದೆ, ಹೋಗುತ್ತದೆ’ ಎಂದು ಬಿಟ್ಟುಬಿಡಿ. ಆಮೇಲೆ ಕೈಗೆ ಕೆಲಸ: ಪಾತ್ರೆ ತೊಳೆಯುವುದು, ಸ್ನಾನ, ಅಡಿಕೆ ಸುಲಿಯುವ ಕಾಲವಾದರೆ ಅದು.

ಈ ಕೆಲಸ ಯಾವುದು ಎಂದು ಮೊದಲೇ ಬರೆದಿಡಬೇಕು. ‘ಹತ್ತು ಗಂಟೆಗೆ ಊಟದ ಬಟ್ಟಲು ಎತ್ತಿದ ಕೂಡಲೇ ಫೋನ್ ಚಾವಡಿಯ ಚಾರ್ಜರಿಗೆ’ ಎನ್ನುವ ಹಾಗೆ, ಯಾವ ಹೊತ್ತಿಗೆ ಏನು ಎಂದು ಇರಬೇಕು. ‘ಇನ್ನು ಮುಂದೆ ಕಡಿಮೆ ಮಾಡುತ್ತೇನೆ’ ಎಂದು ಬರೆದದ್ದು ರಾತ್ರಿ ಉಪಯೋಗಕ್ಕೆ ಬರುವುದಿಲ್ಲ.

ಚಟ ಬಿಡುವವರ ಗುಂಪುಗಳಲ್ಲಿ ಬಳಸುವ, ಒಂದರೊಳಗೊಂದು ಮೂರು ವೃತ್ತ ಬರೆಯುವ ಕ್ರಮವೂ ಒಳ್ಳೆಯದು. ಒಳಗಿನ ವೃತ್ತದಲ್ಲಿ ಖಂಡಿತ ಬೇಡದ್ದು: ಪಾರ್ನ್, ಹಣ ಕೊಟ್ಟು ಮಾಡುವ ಚಾಟ್. ನಡುವಿನದ್ದರಲ್ಲಿ ಅಲ್ಲಿಗೆ ಒಯ್ಯುವಂಥದ್ದು: ಮಲಗಿಕೊಂಡು ರೀಲ್ಸ್, ‘ಸುಮ್ಮನೆ ಒಮ್ಮೆ’ ಹುಡುಕುವುದು, ಯಾರಿಗೂ ಗೊತ್ತಿಲ್ಲದ ಎರಡನೇ ಸಿಮ್, ತಡ ಆದದ್ದಕ್ಕೆ ಸುಳ್ಳು ಹೇಳುವುದು. ಹೊರಗಿನದ್ದರಲ್ಲಿ ಹೆಚ್ಚು ಆಗಬೇಕಾದ್ದು: ಏಳು ಗಂಟೆ ನಿದ್ದೆ, ವಾಲಿಬಾಲ್, ಭಜನೆ, ತಾಳಮದ್ದಳೆ, ಹೆಂಡತಿಯೊಟ್ಟಿಗೆ ಸಂಜೆ ಪೇಟೆಗೆ ಹೋಗಿಬರುವುದು. ಹೆಚ್ಚಿನವರು ಕಾವಲು ಹಾಕುವುದು ಒಳಗಿನ ವೃತ್ತಕ್ಕೆ. ಜಾರುವುದು ಶುರುವಾಗುವುದು ನಡುವಿನದ್ದರಲ್ಲಿ.

ಮೊದಲ ಎರಡು ಮೂರು ವಾರ ಸಿಡುಕು, ನಿದ್ದೆ ಬಾರದಿರುವುದು, ಕನಸು, ಬೇಜಾರು ಬರಬಹುದು. ಕೆಲವರಿಗೆ ಕಾಮದ ಆಸೆಯೇ ಸತ್ತಂತೆ ಆಗುತ್ತದೆ, ಹೆದರಿ ‘ಸರಿ ಉಂಟಾ’ ಎಂದು ಪರೀಕ್ಷಿಸಲು ಪುನಃ ವಿಡಿಯೋ ಹಾಕುತ್ತಾರೆ. ಬೇಡ, ಅದು ಹೋಗುತ್ತದೆ. ಇನ್ನು ‘90 ದಿನ ಬಿಟ್ಟರೆ ಮೆದುಳು ಹೊಸದಾಗುತ್ತದೆ’ ಎಂದು ಎಲ್ಲ ಕಡೆ ಹೇಳುವುದು ಉಂಟು. ಆ 90ಕ್ಕೆ ದೇಹದಲ್ಲಿ ಯಾವ ಗಡಿಯೂ ಇಲ್ಲ. ಹೊಸ ಅಭ್ಯಾಸ ಕೂರಲು ಎಷ್ಟು ದಿನ ಎಂದು ಲಂಡನ್ನಿನಲ್ಲಿ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು, ಸರಾಸರಿ 66 ದಿನ ಎಂದು ಬಂತು, ಆದರೆ ಜನರಿಂದ ಜನರಿಗೆ 18ರಿಂದ 254 ದಿನದವರೆಗೆ ಅಂತರ ಇತ್ತು. ದಿನ ಎಣಿಸುವುದರಲ್ಲಿ ಇನ್ನೊಂದು ಅಪಾಯ, 41ನೇ ದಿನ ಜಾರಿದವನು ‘ಸೊನ್ನೆಗೆ ಬಂದೆ’ ಎಂದುಕೊಳ್ಳುತ್ತಾನೆ. ಕಲಿತ 40 ದಿನ ಎಲ್ಲಿಗೆ ಹೋಯ್ತು? ತಿಂಗಳಿಗೆ ಎಷ್ಟು ರಾತ್ರಿ ಚೆನ್ನಾಗಿ ಕಳೆಯಿತು ಎಂದು ಎಣಿಸಿ.

ಜಾರಿದ ರಾತ್ರಿ ಮಾಡಬೇಕಾದ್ದು: ಅಲ್ಲಿಗೇ ನಿಲ್ಲಿಸಿ ಫೋನ್ ಕೋಣೆಯ ಹೊರಗಿಟ್ಟು ಮುಖ ತೊಳೆದು ಮಲಗಿ. ಮರುದಿನ ನೋಟ್‌ಬುಕ್ಕಿನಲ್ಲಿ ಒಂದು ಸಾಲು, ಪಾಸ್‌ಕೋಡ್ ಇಟ್ಟವರಿಗೆ ಒಂದು ಫೋನ್. ಹತ್ತು ನಿಮಿಷಕ್ಕೆ ಮುಗಿದದ್ದು ದೊಡ್ಡದಲ್ಲ. ‘ಹೇಗೂ ಹೋಯ್ತು’ ಎಂದು ಎರಡು ಗಂಟೆಯವರೆಗೆ ಎಳೆದದ್ದೇ ದೊಡ್ಡದು.

ಮಂಜೇಶ್ವರದಿಂದ, ವೈದ್ಯರು:

ಮದ್ದಿನ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತೇನೆ. ಮೊದಲಿಗೆ ಈಗ ತೆಗೆದುಕೊಳ್ಳುತ್ತಿರುವ ಮದ್ದಿನ ಪಟ್ಟಿ ನೋಡಬೇಕು. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್, ಮನೋರೋಗಕ್ಕೆ ಕೊಡುವ ಅರಿಪಿಪ್ರಜೋಲ್ ಕೆಲವರಲ್ಲಿ ಕಾಮದ ಸೆಳೆತವನ್ನು ವಿಪರೀತ ಏರಿಸುತ್ತವೆ. 60 ದಾಟಿದ ಮರ್ಯಾದಸ್ಥರು ಇದ್ದಕ್ಕಿದ್ದಂತೆ ಹೀಗಾದರೆ ಮನೆಯವರು ಬೈಯುವ ಮೊದಲು ಮದ್ದಿನ ಚೀಟಿ ನೋಡಲಿ. ಮದ್ದನ್ನು ತಾವೇ ನಿಲ್ಲಿಸಬಾರದು, ಬರೆದ ವೈದ್ಯರಿಗೆ ಹೇಳಬೇಕು. ಹಾಗೆಯೇ ನಿದ್ದೆಯೇ ಬೇಡದೆ ಉತ್ಸಾಹ, ಖರ್ಚು, ಮಾತು ಎಲ್ಲ ಒಟ್ಟಿಗೆ ಏರಿದ್ದರೆ ಅದು ಬೈಪೋಲಾರ್ ಆಗಿರಬಹುದು, ಚಿಕಿತ್ಸೆ ಬೇರೆಯೇ. ಖಿನ್ನತೆ, ಗಮನ ನಿಲ್ಲದ ಎಡಿಎಚ್‌ಡಿ, ಕುಡಿತ ಕೂಡ ಹಿಂದೆ ಅಡಗಿರುತ್ತವೆ.

ಈ ಚಟಕ್ಕೆ ಎಂದೇ ಇರುವ ಮಾತ್ರೆ ಇಲ್ಲ. ಮುಖ್ಯ ಚಿಕಿತ್ಸೆ ಮಾತಿನದ್ದು, ಯೋಚನೆ ಮತ್ತು ಅಭ್ಯಾಸ ಬದಲಿಸಲು ಕಲಿಸುವಂಥದ್ದು, ಸಿಬಿಟಿ ಎನ್ನುತ್ತಾರೆ. ಸೆಳೆತ ತುಂಬಾ ಜೋರಾಗಿದ್ದರೆ ಅಥವಾ ಖಿನ್ನತೆ ಜೊತೆಗಿದ್ದರೆ, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮದ್ದು ಕೊಡುತ್ತಾರೆ, ಪರಿಣಾಮ ಕಾಣಲು ಕೆಲವು ವಾರ ಬೇಕು. ಅದು ವೀರ್ಯ ಬರುವುದನ್ನು ತಡ ಮಾಡುತ್ತದೆ ಎಂದು ಮೊದಲೇ ಗೊತ್ತಿರಲಿ. ಕೆಲವರಿಗೆ ಕುಡಿತ ಬಿಡಿಸಲು ಕೊಡುವ ನಾಲ್ಟ್ರೆಕ್ಸೋನ್, ಸಾಮಾನ್ಯವಾಗಿ ದಿನಕ್ಕೆ 50 ಮಿ.ಗ್ರಾಂನಿಂದ. ಅದಕ್ಕೆ ಮೊದಲು ಲಿವರ್ ಪರೀಕ್ಷೆ ಬೇಕು. ನೋವಿಗೆ ಟ್ರಮಡಾಲ್‌ನಂಥ ಮದ್ದು ತೆಗೆದುಕೊಳ್ಳುವವರಿಗೆ ಇದನ್ನು ಕೊಡಬಾರದು. ಆಪರೇಷನ್ ಇದ್ದರೆ ಮೊದಲೇ ತಿಳಿಸಬೇಕು.

ಹೆಂಡತಿಯ ಹತ್ತಿರ ಆಗುವುದಿಲ್ಲ ಎಂದಿರಿ. ಬೆಳಿಗ್ಗೆ ಏಳುವಾಗ ನಿಮಿರುವಿಕೆ ಇದ್ದರೆ ನರ, ರಕ್ತನಾಳ ಹೆಚ್ಚಾಗಿ ಸರಿ ಇವೆ, ಕಾರಣ ಮನಸ್ಸಿನ ಕಡೆಯದು. ಆದರೂ 31ರಲ್ಲೇ ಸಕ್ಕರೆ ಕಾಯಿಲೆ ಇರುವವರು ಇದ್ದಾರೆ. ಸಕ್ಕರೆ, ಬಿಪಿ ಒಮ್ಮೆ ನೋಡಿ. ನಿಮಿರುವಿಕೆಗೆಂದು ಅಂಗಡಿಯಲ್ಲಿ ಕೇಳಿ ಸಿಲ್ಡೆನಾಫಿಲ್ ಮಾತ್ರೆ ನುಂಗಬೇಡಿ. ಎದೆನೋವಿಗೆ ನಾಲಿಗೆಯ ಅಡಿಗೆ ಇಡುವ ನೈಟ್ರೇಟ್ ಮಾತ್ರೆಯ ಜೊತೆ ಸೇರಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ವಿಡಿಯೋ ನಿಲ್ಲಿಸಿ ಕೆಲವು ವಾರ ಇಬ್ಬರೂ ‘ಆಗಲೇಬೇಕು’ ಎಂಬ ಒತ್ತಡ ಬಿಟ್ಟು ಬರೀ ಹತ್ತಿರ ಇರುವುದರಿಂದ ಶುರು ಮಾಡಿದರೆ ಒಳ್ಳೆಯದು.

ರೈಲಿನಲ್ಲಿ, ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ‘ಗುಪ್ತರೋಗಕ್ಕೆ ಗ್ಯಾರಂಟಿ’ ಚೀಟಿ ಕಾಣುತ್ತದೆ. ಲೈಂಗಿಕ ಶಕ್ತಿ ಹೆಚ್ಚಿಸುವ ಮದ್ದಿನ ಜಾಹೀರಾತಿಗೇ 1954ರ ಕಾನೂನಿನಿಂದ ನಿಷೇಧ ಉಂಟು. ‘ಹಸ್ತಮೈಥುನದಿಂದ ನರ ಸತ್ತಿದೆ’ ಎಂದು ಹೆದರಿಸಿ ಲೇಹ್ಯ ಮಾರುವವರ ಹತ್ತಿರ ಹೋಗಲೇಬೇಡಿ.

ವಿಡಿಯೋದಿಂದ ಮುಂದೆ ಹೋಗಿ ಹೊರಗೆ ಸಂಪರ್ಕ ಮಾಡಿದವರು ಇದನ್ನು ಓದುತ್ತಿದ್ದರೆ: ಅಪಾಯದ ಸಂಪರ್ಕವಾಗಿ 72 ಗಂಟೆಯೊಳಗೆ ಆಸ್ಪತ್ರೆಗೆ ಬಂದರೆ ಎಚ್‌ಐವಿ ತಡೆಯುವ 28 ದಿನದ ಮದ್ದು ಶುರು ಮಾಡಬಹುದು, ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ಆ ಸಮಯ ದಾಟಿದ್ದರೂ ಪರೀಕ್ಷೆ ಬೇಕು. ಕೇರಳದಲ್ಲಿ ‘ಜ್ಯೋತಿಸ್’ ಎಂಬ ಸರಕಾರಿ ಕೇಂದ್ರಗಳಲ್ಲಿ ಉಚಿತ, ಗುಟ್ಟು ಕಾಪಾಡುತ್ತಾರೆ. ಮಾಹಿತಿಗೆ ಎಚ್‌ಐವಿ ಸಹಾಯವಾಣಿ 1097.

ಕುಂಬಳೆಯವರು, ಪುನಃ:

ಇನ್ನೊಂದು ಬಿಟ್ಟುಹೋಯ್ತು. ಅಪರಿಚಿತರ ವಿಡಿಯೋ ಕಾಲ್ ರೆಕಾರ್ಡ್ ಮಾಡಿ ‘ಹಣ ಕೊಡು, ಇಲ್ಲದಿದ್ದರೆ ಮನೆಯವರಿಗೆ ಕಳಿಸುತ್ತೇನೆ’ ಎಂದರೆ ಒಂದು ರೂಪಾಯಿಯೂ ಕೊಡಬೇಡಿ. ಕೊಟ್ಟವರ ಹತ್ತಿರ ಪುನಃ ಕೇಳುತ್ತಾರೆ. ಹೆದರಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮತ್ತೆ, ಮಕ್ಕಳಿರುವ ವಿಡಿಯೋ ಯಾವ ಗುಂಪಿನಲ್ಲಿ ಬಂದರೂ ನೋಡುವುದು, ಇಟ್ಟುಕೊಳ್ಳುವುದು, ಕಳಿಸುವುದು ಎಲ್ಲವೂ ಅಪರಾಧ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ.

ಪೆರ್ಲದಿಂದ, ಕುಟುಂಬ ಸಮಾಲೋಚಕಿ:

ಹೆಂಡತಿಗೆ ಹೇಳಬೇಕು. ಆದರೆ ಸಿಕ್ಕಿಬಿದ್ದ ರಾತ್ರಿಯೂ ಬೇಡ, ಜಗಳದ ನಡುವೆಯೂ ಬೇಡ. ಎದೆ ಹಗುರ ಮಾಡಿಕೊಳ್ಳಲು ಎಲ್ಲವನ್ನೂ ಅವಳ ಮೇಲೆ ಸುರಿಯುವುದಂತೂ ಬೇಡ. ಸಹಾಯ ಪಡೆಯಲು ಒಂದು ಹೆಜ್ಜೆ ಇಟ್ಟ ಮೇಲೆ, ಸಾಧ್ಯವಾದರೆ ಸಮಾಲೋಚಕರ ಎದುರು ಹೇಳಿ. ಅವಳಿಗೆ ತಿಳಿಯಬೇಕಾದ್ದು: ಏನು, ಎಷ್ಟು ಕಾಲದಿಂದ, ಹೊರಗೆ ಯಾರೊಟ್ಟಿಗಾದರೂ ಸಂಪರ್ಕ ಇತ್ತೇ, ಹಣ ಹೋಗಿದೆಯೇ, ಈಗ ಏನು ಮಾಡುತ್ತಿದ್ದೀರಿ. ಯಾವ ವಿಡಿಯೋ, ಎಂಥ ದೃಶ್ಯ ಎಂಬ ವಿವರ ಬೇಡ, ಒಮ್ಮೆ ಕೇಳಿದರೆ ಅದು ಅವಳ ಕಣ್ಣಿಂದ ಹೋಗುವುದಿಲ್ಲ. ಕಂತು ಕಂತಾಗಿ ಹೇಳಬೇಡಿ. ಇವತ್ತು ಅರ್ಧ, ತಿಂಗಳು ಕಳೆದು ಇನ್ನರ್ಧ ಹೊರಬಂದರೆ ಅವಳು ಮೊದಲಿನ ಅರ್ಧವನ್ನೂ ನಂಬುವುದಿಲ್ಲ.

ಅವಳು ಇದನ್ನು ಓದುತ್ತಿದ್ದರೆ: ತಂಗಿ, ನಿನ್ನ ರೂಪಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೆಚ್ಚಿನವರಲ್ಲಿ ಇದು ಮದುವೆಗೆ ಎಷ್ಟೋ ವರ್ಷ ಮೊದಲು ಶುರುವಾಗಿರುತ್ತದೆ. ನಿದ್ದೆ ಹೋಗುವುದು, ಊಟ ಸೇರದಿರುವುದು, ಪದೇ ಪದೇ ಫೋನ್ ನೋಡಬೇಕೆನಿಸುವುದು, ಇವೆಲ್ಲ ನಂಬಿಕೆ ಮುರಿದಾಗ ಆಗುವಂಥದ್ದೇ. ನಿನಗೂ ಮಾತಾಡಲು ಒಬ್ಬರು ಬೇಕು, ಅದು ಅತ್ತೆ ಆಗಬೇಕಾಗಿಲ್ಲ. ವಿಡಿಯೋದಲ್ಲಿ ಕಂಡದ್ದನ್ನು ನಿನ್ನ ಮೇಲೆ ಒತ್ತಾಯ ಮಾಡಿದರೆ ಇಲ್ಲ ಎನ್ನುವ ಹಕ್ಕು ನಿನಗೆ ಪೂರ್ತಿ ಉಂಟು. ಕೈ ಎತ್ತಿದರೆ, ಹೆದರಿಸಿದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡು.

ಕೇಳಿದವರು:

ಎಲ್ಲರಿಗೂ ಕೃತಜ್ಞ. ಟೈಮ್‌ಪೀಸ್ ತಂದೆ. ಇನ್ನೊಂದೇ ಪ್ರಶ್ನೆ, ಕನ್ನಡದಲ್ಲಿ ಮಾತಾಡುವವರು ಎಲ್ಲಿ ಸಿಗುತ್ತಾರೆ, ಅಲ್ಲಿ ಹೋಗಿ ಎಂತ ಹೇಳುವುದು?

ಮುಳ್ಳೇರಿಯದ ನರ್ಸ್:

ಮನೆಯಿಂದ ಹೊರಡುವ ಮೊದಲು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ಉಚಿತ, ಹಗಲು ರಾತ್ರಿ ಉಂಟು. ಭಾಷೆ ಆರಿಸುವಾಗ ಕನ್ನಡ ಆರಿಸಿ. ಹೆಸರು ಹೇಳಲು ಹಿಂಜರಿಕೆ ಇದ್ದರೆ ಅದನ್ನೇ ಮೊದಲು ಹೇಳಿ.

ಮುಖತಃ ಕಾಣಬೇಕಾದರೆ, ಗುರ್ತದವರು ಸಿಗುವ ಹೆದರಿಕೆ ಇರುವವರಿಗೆ ಮಂಗಳೂರು ಅನುಕೂಲ, ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಹೋಗುವುದಾದರೆ ಪೇಟೆಯವರೆಗೆ ಹೋಗಬೇಕಾಗಿಲ್ಲ, ತೊಕ್ಕೊಟ್ಟಿನಲ್ಲಿ ಇಳಿದು ಬಸ್ಸು ಬದಲಿಸಿ. ಅಲ್ಲಿ ಕನ್ನಡ, ತುಳು ಎರಡೂ ನಡೆಯುತ್ತದೆ. ಮಾತ್ರೆಗೆ ಯಾವ ಭಾಷೆಯಾದರೂ ಆದೀತು. ಮಾತಿನ ಚಿಕಿತ್ಸೆಗೆ ನೀವು ಸಿಟ್ಟು ಬಂದಾಗ ಮಾತಾಡುವ ಭಾಷೆಯೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್ನೆಟ್ ಗೀಳಿಗೆಂದೇ 2014ರಿಂದ ‘ಷಟ್’ ಕ್ಲಿನಿಕ್ ಉಂಟು, ಆದರೆ ವಾರ ವಾರ ಹೋಗಿಬರುವಷ್ಟು ಹತ್ತಿರ ಅಲ್ಲ.

ಚೀಟಿ ಮಾಡಿಸುವ ಕೌಂಟರಿನಲ್ಲಿ ವಿಷಯ ಹೇಳಬೇಕಾಗಿಲ್ಲ, ‘ಮಾನಸಿಕ ವಿಭಾಗ, ನಿದ್ದೆಯ ತೊಂದರೆ’ ಎಂದರೆ ಸಾಕು. ಸುಳ್ಳೂ ಅಲ್ಲ. ಒಳಗೆ ಹೋದ ಮೇಲೆ ಬಾಯಿ ಕಟ್ಟಿದರೆ ಒಂದು ಹಾಳೆ ಕೊಡಿ. ಇವತ್ತೇ ಕನ್ನಡದಲ್ಲಿ ಬರೆದಿಡಿ: ಶುರುವಾದ ವಯಸ್ಸು, ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು, ಬಿಡಲು ಮಾಡಿದ ಪ್ರಯತ್ನ, ಏನೆಲ್ಲ ಕೆಟ್ಟಿದೆ, ಕುಡಿತ ಸಿಗರೇಟು ಉಂಟೋ, ಈಗಿನ ಮದ್ದು, ಸಾಯುವ ಯೋಚನೆ ಬಂದದ್ದುಂಟೋ. ಕೊನೆಯದ್ದು ಹೌದಾದರೆ ಇದೆಲ್ಲ ಬದಿಗಿಟ್ಟು ಈಗಲೇ 14416ಕ್ಕೆ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಗುಟ್ಟು ಕಾಪಾಡುವುದು ಅವನ ಹಕ್ಕು ಎಂದೇ ಬರೆದಿದೆ. ಜೀವಕ್ಕೆ ಅಪಾಯ ಇರುವಂಥ ಕೆಲವೇ ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಮನೆಯವರಿಗೆ ಹೇಳುವಂತಿಲ್ಲ.

ಸಮಾಲೋಚಕರು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟಾ ಎಂದು ಕೇಳಲು ನಾಚಬೇಡಿ. ಮೊದಲ ಭೇಟಿಯಲ್ಲಿ ಕೇಳುವುದೇ ಹೆಚ್ಚು, ಹೇಳುವುದು ಕಡಿಮೆ. ‘ಏನೂ ಮಾಡಲಿಲ್ಲ’ ಎಂದು ಅಲ್ಲಿಗೇ ಬಿಡುವವರು ಇದ್ದಾರೆ. ನಾಲ್ಕು ಸಲವಾದರೂ ಹೋಗಿ ನೋಡಿ, ಮುಂದಿನ ದಿನಾಂಕ ಬರೆಸಿಕೊಂಡೇ ಹೊರಗೆ ಬನ್ನಿ. ಹೋಗುವಾಗ ಆ ನೋಟ್‌ಬುಕ್ ಮರೆಯಬೇಡಿ, ಹದಿನಾಲ್ಕು ದಿನ ತುಂಬದಿದ್ದರೂ ಪರವಾಗಿಲ್ಲ.